ಟ್ಯಾರೋ ಎಲೆಗಳ ಮೂಲ ಯಾವುದು? ಕಟ್ಟು ಆರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಶಹಾಬಾದ: ದಿನಪತ್ರಿಕೆಗಳಲ್ಲಿ ಎಲೆಗಳ ಪ್ರಸ್ತಾಪ ಎರಡು ಕಡೆ ಬರುತ್ತದೆ. ಅಪರಾಧ ಸುದ್ದಿಗಳ ನಡುವೆ ‘ಅಂದರ್-ಬಾಹರ್ ಆಡುತ್ತಿದ್ದವರ ಬಂಧನ, ಪಣಕ್ಕಿಟ್ಟ ನಗದು ಹಾಗೂ 52 ಇಸ್ಪೀಟ್ ಎಲೆಗಳ ವಶ’ ಎಂಬ ಒಕ್ಕಣೆ ಒಂದೆಡೆ. ಭವಿಷ್ಯದ ಪುಟದಲ್ಲಿ ‘ಟ್ಯಾರೋ ವಾರಭವಿಷ್ಯ’ ಇನ್ನೊಂದೆಡೆ. ಮೊದಲನೆಯದನ್ನು ಜೂಜು ಎನ್ನುತ್ತೇವೆ, ಎರಡನೆಯದನ್ನು ವಿದ್ಯೆ ಎನ್ನುತ್ತೇವೆ. ಆದರೆ ಇತಿಹಾಸವನ್ನು ಕೆದಕಿದರೆ ಇವೆರಡೂ ಒಂದೇ ವಂಶದ ಕುಡಿಗಳು ಎಂಬುದು ತಿಳಿದುಬರುತ್ತದೆ. ಟ್ಯಾರೋ ಹುಟ್ಟಿದ್ದು ಭವಿಷ್ಯ ನುಡಿಯಲಿಕ್ಕಲ್ಲ, ಆಟಕ್ಕೆ. ಸುಮಾರು ಮೂರು ಶತಮಾನ ಕಾಲ ಅದು ಮುಖ್ಯವಾಗಿ ಆಟವಾಗಿಯೇ ಉಳಿದಿತ್ತು.

ಬೆಂಗಳೂರಿನಿಂದ ಕಲಬುರಗಿಯವರೆಗೆ ರಾಜ್ಯದ ನಗರಗಳಲ್ಲಿ ಟ್ಯಾರೋ ಇಂದು ಪರಿಚಿತ ಹೆಸರು. ಮೊಬೈಲ್‌ನಲ್ಲೇ ಸಮಾಲೋಚನೆ ನಡೆಯುತ್ತದೆ, ಎಲೆಗಳ ಕಟ್ಟು ಅಂಚೆಯಲ್ಲಿ ಮನೆಗೆ ಬರುತ್ತದೆ, ಕಲಿಸುವ ತರಗತಿಗಳೂ ಇವೆ. ಇದರೊಂದಿಗೆ ‘ಈಜಿಪ್ಟಿನ ಪುರಾತನ ರಹಸ್ಯ’, ‘ಸ್ವತಃ ಕೊಂಡ ಕಟ್ಟು ಫಲ ನೀಡದು’ ಎಂಬಿತ್ಯಾದಿ ಮಾತುಗಳೂ ಹರಡಿವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಕಟ್ಟುಕತೆ, ಕಟ್ಟೊಂದನ್ನು ಕೊಳ್ಳುವವರು ಏನನ್ನು ಗಮನಿಸಬೇಕು ಎಂಬುದರ ವಿವರ ಇಲ್ಲಿದೆ. ಇದೇ ಎಲೆಗಳ ದಾಯಾದಿಯೊಂದು ನಮ್ಮ ಮೈಸೂರಿನ ಅರಮನೆಯಲ್ಲೂ ಬೆಳೆದಿತ್ತೆಂಬ ಕುತೂಹಲದ ಸಂಗತಿಯೂ ಈ ಕತೆಯಲ್ಲಿ ಸೇರಿದೆ.

‘ನಾಯಬ’ನಿಂದ ಆರಂಭ

ಎಲೆಯಾಟದ ತವರು ಚೀನಾ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಅಲ್ಲಿಂದ ಪರ್ಷಿಯಾ ಮತ್ತು ಅರಬ್ ನಾಡುಗಳ ದಾರಿ ಹಿಡಿದ ಎಲೆಗಳು 14ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪ್ ತಲುಪಿದವು. 1377ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಆಡಳಿತವು ಹೊಸದಾಗಿ ಬಂದಿರುವ ‘ನೈಬೆ’ ಎಂಬ ಆಟವನ್ನು ನಿರ್ಬಂಧಿಸಿ ಆಜ್ಞೆ ಹೊರಡಿಸಿತು. ಯುರೋಪಿನಲ್ಲಿ ಎಲೆಯಾಟದ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಎಲೆಗಳು ಅಲ್ಲಿ ಮೊದಲು ದಾಖಲಾದದ್ದೇ ಪೊಲೀಸ್ ಸುದ್ದಿಯ ರೂಪದಲ್ಲಿ ಎನ್ನಬಹುದು.

‘ನೈಬೆ’ ಎಂಬ ಹೆಸರು ಬಂದದ್ದು ಅರಬ್ಬಿಯ ‘ನಾಯಿಬ್’ ಪದದಿಂದ. ಪ್ರತಿನಿಧಿ, ಉಪಾಧಿಕಾರಿ ಎಂಬುದು ಇದರ ಅರ್ಥ. ಕಲ್ಯಾಣ ಕರ್ನಾಟಕದ ಓದುಗರಿಗೆ ಈ ಪದ ಹೊಸದಲ್ಲ. ನಿಜಾಮರ ಆಡಳಿತದ ಕಾಲದಿಂದ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ‘ನಾಯಬ ತಹಶೀಲ್ದಾರ’ ಎಂಬ ಹುದ್ದೆಯ ಹೆಸರಿನಲ್ಲಿರುವುದು ಇದೇ ‘ನಾಯಬ’. ‘ನವಾಬ’ ಎಂಬುದೂ ಇದೇ ಪದದ ಬಹುವಚನ ರೂಪದಿಂದ ಬಂದದ್ದು. ಸ್ಪ್ಯಾನಿಷ್ ಭಾಷೆಯಲ್ಲಿ ಆಟದ ಎಲೆಗೆ ಇಂದಿಗೂ ‘ನೈಪೆ’ ಎಂದೇ ಹೆಸರು.

ಉಪಾಧಿಕಾರಿಗೂ ಎಲೆಗೂ ಏನು ನಂಟು? ಇದಕ್ಕೆ ಉತ್ತರ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿದೆ. ಈಜಿಪ್ಟನ್ನು ಆಳಿದ ಮಮ್ಲೂಕ್ ಸುಲ್ತಾನರ ಕಾಲದ ಎಲೆಗಳ ಕಟ್ಟೊಂದನ್ನು ವಿದ್ವಾಂಸ ಎಲ್.ಎ. ಮೇಯರ್ 1931ರಲ್ಲಿ ಅಲ್ಲಿ ಗುರುತಿಸಿದರು. ಒಂದೊಂದು ಎಲೆಯೂ ಸುಮಾರು 25 ಸೆಂ.ಮೀ. ಉದ್ದ. ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೊ ಕೋಲು ಎಂಬ ನಾಲ್ಕು ರಂಗು. ನಾವು ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ಎನ್ನುವಂತೆ ಎಲೆಗಳನ್ನು ವಿಂಗಡಿಸುವ ಗುರುತಿಗೆ ಇಲ್ಲಿ ರಂಗು ಎಂದಿದ್ದೇವೆ. ಪ್ರತಿ ರಂಗಿನಲ್ಲಿ 1ರಿಂದ 10ರವರೆಗಿನ ಎಲೆಗಳು ಹಾಗೂ ಸುಲ್ತಾನ, ನಾಯಿಬ್, ಎರಡನೇ ನಾಯಿಬ್ ಎಂಬ ಮೂರು ದರ್ಬಾರಿನ ಎಲೆಗಳು, ಒಟ್ಟು 52.

ಯುರೋಪ್ ಈ ಲೆಕ್ಕವನ್ನು ಹಾಗೆಯೇ ಉಳಿಸಿಕೊಂಡು, ಗುರುತುಗಳನ್ನು ಮಾತ್ರ ತನಗೆ ತಿಳಿದಂತೆ ಬದಲಿಸಿತು. ಪೋಲೊ ಆಟ ತಿಳಿಯದ ಇಟಲಿಯವರು ಕೋಲನ್ನು ದಂಡವಾಗಿಸಿದರು. ಕತ್ತಿಗೆ ಇಟಾಲಿಯನ್ ಭಾಷೆಯಲ್ಲಿ ‘ಸ್ಪಾದಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಸ್ಪೇಡ್’ ಎಂದು ಕರೆಸಿಕೊಳ್ಳುವ ರಂಗಿನ ಹೆಸರು ಬಂದದ್ದು ಮಣ್ಣು ಅಗೆಯುವ ಸನಿಕೆಯಿಂದಲ್ಲ, ಈ ಕತ್ತಿಯಿಂದ.

ಇಟಲಿಯ ಅರಮನೆಯಲ್ಲಿ 22 ಹೆಚ್ಚುವರಿ ಎಲೆ

ಟ್ಯಾರೋ ರೂಪುಗೊಂಡದ್ದು ಇದಾದ ಎರಡು ತಲೆಮಾರಿನ ಬಳಿಕ, ಉತ್ತರ ಇಟಲಿಯಲ್ಲಿ. 1440ರ ಫ್ಲಾರೆನ್ಸ್‌ನ ಒಂದು ದಿನಚರಿಯಲ್ಲಿ ಹಾಗೂ 1442ರ ಫೆರಾರಾ ಅರಮನೆಯ ಖರ್ಚಿನ ಲೆಕ್ಕದಲ್ಲಿ ‘ತ್ರಿಯೊನ್ಫಿ’ ಎಂಬ ಎಲೆಗಳ ಉಲ್ಲೇಖವಿದೆ. ತ್ರಿಯೊನ್ಫಿ ಎಂದರೆ ವಿಜಯಗಳು. ವಾಡಿಕೆಯ ನಾಲ್ಕು ರಂಗುಗಳಿಗೆ ರಾಣಿಯನ್ನು ಸೇರಿಸಿ 56 ಎಲೆ ಮಾಡಿ, ಅವುಗಳ ಮೇಲೆ 22 ಚಿತ್ರದ ಎಲೆಗಳನ್ನು ಇರಿಸಿದ್ದು ಇದರ ವಿಶೇಷ. ಮೂರ್ಖ, ಜಾದೂಗಾರ, ಚಕ್ರವರ್ತಿ, ಪೋಪ್, ಪ್ರೇಮಿಗಳು, ರಥ, ನ್ಯಾಯ, ಭಾಗ್ಯಚಕ್ರ, ತಲೆಕೆಳಗಾಗಿ ನೇತಾಡುವವ, ಮೃತ್ಯು, ಸೈತಾನ, ಗೋಪುರ, ನಕ್ಷತ್ರ, ಚಂದ್ರ, ಸೂರ್ಯ, ಅಂತಿಮ ತೀರ್ಪು, ಜಗತ್ತು ಮುಂತಾದವು ಈ ಚಿತ್ರಗಳು. ಇವು ಗುಪ್ತವಿದ್ಯೆಯ ಸಂಕೇತಗಳಾಗಿರಲಿಲ್ಲ. ಅಂದಿನ ಇಟಲಿಯ ಚರ್ಚಿನ ಗೋಡೆಯಲ್ಲಿ, ಹಬ್ಬದ ಮೆರವಣಿಗೆಯಲ್ಲಿ ಜನ ನಿತ್ಯ ನೋಡುತ್ತಿದ್ದ ಚಿತ್ರಗಳೇ ಆಗಿದ್ದವು.

ಆಟದಲ್ಲಿ ಈ 22 ಎಲೆಗಳ ಕೆಲಸವೇನು? ಉಳಿದ ಎಲೆಗಳನ್ನು ಹೊಡೆಯುವುದು. ನಮ್ಮ ಆಟಗಳಲ್ಲಿ ಇದನ್ನೇ ‘ತುರುಪು’ ಎನ್ನುತ್ತೇವೆ. ಅಚ್ಚರಿಯೆಂದರೆ ‘ತುರುಪು’ ಎಂಬ ನಮ್ಮ ಪದವೂ ಯುರೋಪಿನ ವರ್ತಕರ ಭಾಷೆಗಳ ಮೂಲಕ ನಮ್ಮಲ್ಲಿಗೆ ಬಂದ, ಇದೇ ‘ತ್ರಿಯೊನ್ಫಿ’ಯ ಬಳಗದ ಪದ. ರಾಜಕೀಯ ವರದಿಗಳಲ್ಲಿ ಯಾರದೋ ‘ತುರುಪಿನ ಎಲೆ’ಯ ಬಗ್ಗೆ ಓದುವಾಗಲೆಲ್ಲ ನಾವು ಟ್ಯಾರೋ ಪರಂಪರೆಯ ಮಾತನ್ನೇ ಓದುತ್ತಿರುತ್ತೇವೆ.

ಮಿಲಾನ್‌ನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ 1450ರ ಆಸುಪಾಸಿನಲ್ಲಿ ಚಿನ್ನದ ರೇಕು ಬಳಸಿ ಬರೆಸಿದ ಕಟ್ಟು ಈಗ ಉಳಿದಿರುವ ಹಳೆಯ ಟ್ಯಾರೋಗಳಲ್ಲಿ ಪ್ರಸಿದ್ಧವಾದುದು. ಬೊನಿಫಾಚೊ ಬೆಂಬೊ ಎಂಬ ಕಲಾವಿದ ಅದನ್ನು ಬರೆದನೆಂದು ನಂಬಲಾಗಿದೆ. ಅದರ 78 ಎಲೆಗಳ ಪೈಕಿ 74 ಉಳಿದಿದ್ದು, 35 ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲೂ 26 ಇಟಲಿಯ ಬೆರ್ಗಾಮೊ ನಗರದ ಅಕಾಡೆಮಿಯಾ ಕರಾರಾದಲ್ಲೂ ಇವೆ. ಉಳಿದ 13 ಕೊಲಿಯೊನಿ ಮನೆತನದ ಪಾಲಿನವು. ಸೈತಾನ, ಗೋಪುರ, ಕತ್ತಿಯ ಮೂರು ಹಾಗೂ ನಾಣ್ಯದ ಸವಾರ, ಈ ನಾಲ್ಕು ಎಲೆಗಳು ಇಲ್ಲ.

ಆಟ ಭವಿಷ್ಯವಾದದ್ದು ಯಾವಾಗ?

ಟ್ಯಾರೋ ಎಲೆ ಹಾಕಿ ಭವಿಷ್ಯ ಹೇಳುತ್ತಿದ್ದುದರ ಸ್ಪಷ್ಟ ದಾಖಲೆಗಳು ದೊರೆಯುವುದು 18ನೇ ಶತಮಾನದಲ್ಲಿ. 1781ರಲ್ಲಿ ಫ್ರಾನ್ಸಿನ ಆಂತ್ವಾನ್ ಕೂರ್ ದ ಜೆಬೆಲಿನ್ ಎಂಬ ಪಾದ್ರಿ ತನ್ನ ಬೃಹತ್ ಗ್ರಂಥಮಾಲೆಯ ಎಂಟನೇ ಸಂಪುಟದಲ್ಲಿ, ಈ ಎಲೆಗಳು ಈಜಿಪ್ಟಿನ ಅರ್ಚಕರು ಅಡಗಿಸಿಟ್ಟ ಜ್ಞಾನಗ್ರಂಥವೆಂದು ಬರೆದನು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಶಾಂಪೋಲಿಯೋ ಆ ಲಿಪಿಯ ಗುಟ್ಟು ಬಿಡಿಸಿದ್ದು 1822ರಲ್ಲಿ. ಲಿಪಿ ಓದಲು ಬಂದ ಬಳಿಕ ಟ್ಯಾರೋಗೆ ಪೂರಕವಾದ ಒಂದು ಸಾಲೂ ಅಲ್ಲಿ ಸಿಗಲಿಲ್ಲ. ಅಷ್ಟರಲ್ಲಿ ಕತೆ ಬೇರೂರಿಬಿಟ್ಟಿತ್ತು.

ಪ್ಯಾರಿಸ್ಸಿನ ಜ್ಯಾನ್ ಬಾಪ್ತಿಸ್ತ್ ಅಲಿಯೆತ್ ಎಂಬಾತ ತನ್ನ ಹೆಸರನ್ನು ತಿರುಗುಮುರುಗಾಗಿಸಿ ‘ಎತ್ತೇಯಾ’ ಎಂದು ಕರೆದುಕೊಂಡು, 1785ರಲ್ಲಿ ಟ್ಯಾರೋ ಭವಿಷ್ಯದ ಬಗ್ಗೆ ಪುಸ್ತಕ ಬರೆದನು. 1789ರಲ್ಲಿ ಭವಿಷ್ಯಕ್ಕೆಂದೇ ವಿನ್ಯಾಸಗೊಳಿಸಿದ ಕಟ್ಟನ್ನೂ ಮಾರುಕಟ್ಟೆಗೆ ತಂದನು. ಅಂದರೆ, ಕೇವಲ ಭವಿಷ್ಯಕ್ಕಾಗಿ ಟ್ಯಾರೋ ಮುದ್ರಣವಾದದ್ದು ಅದು ಹುಟ್ಟಿ ಸುಮಾರು 350 ವರ್ಷಗಳ ಮೇಲೆ. 1850ರ ದಶಕದಲ್ಲಿ ಎಲಿಫಾಸ್ ಲೆವಿ 22 ಎಲೆಗಳನ್ನು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಜೋಡಿಸಿದನು. 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ‘ಗೋಲ್ಡನ್ ಡಾನ್’ ಎಂಬ ಗುಪ್ತಮಂಡಳಿ ಅದಕ್ಕೆ ಗ್ರಹ-ರಾಶಿಗಳನ್ನೂ ಸೇರಿಸಿತು.

ಇಂದು ಲೋಕವೆಲ್ಲ ಬಳಸುವ ಟ್ಯಾರೋ ಈ ಮಂಡಳಿಯ ಇಬ್ಬರು ಸದಸ್ಯರ ಕೊಡುಗೆ. ಎ.ಇ. ವೇಟ್ ಯೋಜನೆ ನೀಡಿದರು, ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಚಿತ್ರ ಬರೆದರು, ಲಂಡನ್ನಿನ ವಿಲಿಯಂ ರೈಡರ್ ಸಂಸ್ಥೆ 1909ರಲ್ಲಿ ಪ್ರಕಟಿಸಿತು. ಕಟ್ಟಿಗೆ ಪ್ರಕಾಶಕ ಮತ್ತು ಯೋಜಕರ ಹೆಸರು ಸೇರಿ ‘ರೈಡರ್-ವೇಟ್’ ಎಂದಾಯಿತು; ಚಿತ್ರ ಬರೆದಾಕೆಯ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು. ಸಣ್ಣ ಸಂಭಾವನೆಯಷ್ಟೇ ಪಡೆದ ಸ್ಮಿತ್ 1951ರಲ್ಲಿ ಸಾಲದಲ್ಲೇ ತೀರಿಕೊಂಡರು. ಈಗೀಗ ಈ ಕಟ್ಟನ್ನು ‘ರೈಡರ್-ವೇಟ್-ಸ್ಮಿತ್’ ಎಂದು ಕರೆಯುವ ರೂಢಿ ಬಂದಿದೆ.

ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮ್ಮೆಟ್ 1980ರಲ್ಲಿ ಪ್ರಕಟಿಸಿದ ಸಂಶೋಧನ ಗ್ರಂಥವು ಟ್ಯಾರೋ ಮೂಲತಃ ಆಟವೆಂಬುದನ್ನು ದಾಖಲೆಗಳ ಸಮೇತ ಸ್ಥಿರಪಡಿಸಿತು. ಫ್ರಾನ್ಸ್, ಆಸ್ಟ್ರಿಯಾ ಹಾಗೂ ಇಟಲಿಯ ಕೆಲ ಭಾಗಗಳಲ್ಲಿ ಇಂದಿಗೂ ಜನ ಟ್ಯಾರೋವನ್ನು ನಾವು ರಮ್ಮಿ ಆಡುವಷ್ಟೇ ಸಹಜವಾಗಿ ಆಡುತ್ತಾರೆ.

ಪೂರ್ವಕ್ಕೆ ಬಂದ ಕವಲು: ಗಂಜೀಫಾ

ಮಮ್ಲೂಕ್ ಎಲೆಗಳ ಬಳಗದ ಒಂದು ಕವಲು ಪಶ್ಚಿಮದಲ್ಲಿ ಟ್ಯಾರೋ ಆದರೆ, ಪೂರ್ವಕ್ಕೆ ಹರಿದ ಇನ್ನೊಂದು ಕವಲು ಪರ್ಷಿಯಾದ ಮೂಲಕ ಭಾರತಕ್ಕೆ ಬಂದು ‘ಗಂಜೀಫಾ’ ಎನಿಸಿತು. ತೋಪ್‌ಕಾಪಿ ಕಟ್ಟಿನ ಕತ್ತಿಯ ಸುಲ್ತಾನನ ಎಲೆಯ ಮೇಲೆ ‘ಕಂಜಿಫಾ’ ಎಂಬ ಪದ ಬರೆದಿರುವುದು ಈ ನಂಟಿಗೆ ಸಾಕ್ಷಿ. 1527ರಲ್ಲಿ ಬಾಬರನು ಸಿಂಧ್ ಪ್ರಾಂತದ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ 12 ರಂಗುಗಳ, 144 ಎಲೆಗಳ ಕಟ್ಟಿನ ವರ್ಣನೆ ಇದೆ.

ಇಲ್ಲಿಗೆ ಬಂದ ಎಲೆ ದುಂಡಗಾಯಿತು, ದೇವರ ಚಿತ್ರ ಪಡೆಯಿತು. 8 ರಂಗು, 96 ಎಲೆಗಳ ಮೊಘಲ್ ಗಂಜೀಫಾದ ಜೊತೆಗೆ 10 ರಂಗು, 120 ಎಲೆಗಳ ‘ದಶಾವತಾರ ಗಂಜೀಫಾ’ ಬೆಳೆಯಿತು. ಮತ್ಸ್ಯನಿಂದ ಕಲ್ಕಿಯವರೆಗೆ ಒಂದೊಂದು ಅವತಾರಕ್ಕೆ ಒಂದೊಂದು ರಂಗು. ಪ್ರತಿ ರಂಗಿಗೆ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಸಂಖ್ಯೆಯ ಎಲೆ. ಹಗಲಿನಲ್ಲಿ ಆಡಿದರೆ ರಾಮನ ಎಲೆ ಹಿಡಿದವರು, ರಾತ್ರಿ ಆಡಿದರೆ ಕೃಷ್ಣನ ಎಲೆ ಹಿಡಿದವರು ಆಟ ಆರಂಭಿಸಬೇಕೆಂಬ ನಿಯಮ. ಶ್ರೀಮಂತರಿಗೆ ದಂತದಲ್ಲಿ ಮಾಡಿದ ಎಲೆಗಳು ‘ದರ್ಬಾರ್ ಕಲಂ’, ಬಟ್ಟೆ-ಕಾಗದದಲ್ಲಿ ಮಾಡಿದ ಅಗ್ಗದ ಎಲೆಗಳು ‘ಬಜಾರ್ ಕಲಂ’. ಮಹಾರಾಷ್ಟ್ರದ ಸಾವಂತವಾಡಿ, ಒಡಿಶಾದ ರಘುರಾಜಪುರ, ಬಂಗಾಳದ ವಿಷ್ಣುಪುರ ಹಾಗೂ ನೆರೆಯ ತೆಲಂಗಾಣದ ನಿರ್ಮಲ್ ಇವುಗಳ ತಯಾರಿಕೆಗೆ ಹೆಸರಾದವು.

ಟ್ಯಾರೋ ಮತ್ತು ಗಂಜೀಫಾ ಒಂದೇ ಬಳಗದವು ಎನ್ನಲು ಆಟದ ನಿಯಮದಲ್ಲೇ ಇನ್ನೊಂದು ಸುಳಿವಿದೆ. ಗಂಜೀಫಾದ ಅರ್ಧದಷ್ಟು ರಂಗುಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಎಕ್ಕ ದೊಡ್ಡದು. ಹಳೆಯ ಟ್ಯಾರೋದಲ್ಲೂ ಕತ್ತಿ ಮತ್ತು ದಂಡಗಳಲ್ಲಿ ಹತ್ತು ದೊಡ್ಡದಾದರೆ, ಬಟ್ಟಲು ಮತ್ತು ನಾಣ್ಯಗಳಲ್ಲಿ ಎಕ್ಕವೇ ದೊಡ್ಡದು. ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ ಇಂಥ ವಿಚಿತ್ರ ನಿಯಮ ಬೇರೆ ಬೇರೆಯಾಗಿ ಹುಟ್ಟಿತೆನ್ನುವುದು ಕಷ್ಟ.

ಮೈಸೂರು ಅರಮನೆಯ 360 ಎಲೆಗಳು

ಕರ್ನಾಟಕದಲ್ಲಿ ಗಂಜೀಫಾಕ್ಕೆ ರಾಜಾಶ್ರಯ ನೀಡಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ನಂತರ 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಸಾಹಿತ್ಯ, ಚಿತ್ರಕಲೆ ಹಾಗೂ ಆಟಗಳಿಗೆ ಆಶ್ರಯದಾತರಾಗಿದ್ದರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳ ಪೈಕಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ‘ಚದ’ ಎಂದು ಕರೆಯಲಾದ ಗಂಜೀಫಾ ಆಟಗಳ ವಿವರವಿದೆ. ಸಂಕೀರ್ಣವಾದ ಕಟ್ಟುಗಳಲ್ಲಿ 18 ರಂಗು, 360 ಎಲೆಗಳು! ದೇವತೆಗಳು, ವಾಹನಗಳು, ಗ್ರಹಗಳು ಎಲೆಗಳ ಮೇಲೆ ಬಂದು ಕುಳಿತವು.

ಇನ್ನೂ ಗಮನಾರ್ಹ ಸಂಗತಿಯೆಂದರೆ, ಮೈಸೂರಿನ ಕೆಲವು ಚದಗಳಲ್ಲಿ ಶಾಶ್ವತ ತುರುಪಿನ ಎಲೆಗಳಿದ್ದವು. ಸಾಮಾನ್ಯ ಗಂಜೀಫಾದಲ್ಲಿ ತುರುಪು ಇಲ್ಲ. ನಾಲ್ಕು ಶತಮಾನದ ಹಿಂದೆ ಇಟಲಿಯ ಅರಮನೆಗಳಲ್ಲಿ ನಡೆದ ಪ್ರಯೋಗವೇ ಮೈಸೂರಿನ ಅರಮನೆಯಲ್ಲೂ ತನ್ನದೇ ದಾರಿಯಲ್ಲಿ ನಡೆದಂತಾಯಿತು. ಆದರೆ ಅಷ್ಟು ಎಲೆ ನೆನಪಿಟ್ಟು ಆಡುವುದು ಎಲ್ಲರಿಗೂ ಒಗ್ಗುವ ಮಾತಲ್ಲ. ಚದಗಳು ಜನಸಾಮಾನ್ಯರ ನಡುವೆ ಹರಡಲಿಲ್ಲ. ಮುದ್ರಿತ ಇಸ್ಪೀಟ್ ಬಂದ ಮೇಲೆ ಗಂಜೀಫಾ ಆಡುವವರೇ ಅಪರೂಪವಾದರು. ಇಂದು ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕಲಾವಿದ ಗಂಜೀಫಾ ರಘುಪತಿ ಭಟ್ಟರು ಈ ಚಿತ್ರಶೈಲಿಗೆ ಮರುಜೀವ ನೀಡಿದವರಲ್ಲಿ ಪ್ರಮುಖರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಸಾಂಪ್ರದಾಯಿಕ ಆಟಗಳ ಪ್ರದರ್ಶನಗಳ ಮೂಲಕ ಹಳೆಯ ಆಟಗಳನ್ನು ಮತ್ತೆ ಜನರ ಮುಂದೆ ತಂದಿದೆ. ಆದರೂ ಎಲೆಗಳನ್ನು ಚೌಕಟ್ಟಿನಲ್ಲಿ ತೂಗುಹಾಕುವವರು ಸಿಗುತ್ತಾರೆ, ಕೈಯಲ್ಲಿ ಹಿಡಿದು ಆಡುವವರು ಸಿಗುವುದಿಲ್ಲ.

ದಖ್ಖನ್ನಿನಲ್ಲಿ ಚಿತ್ರ ನೋಡಿ ಭವಿಷ್ಯ

ಗಂಜೀಫಾ ನಮ್ಮಲ್ಲಿ ಆಟವಾಗಿಯೇ ಉಳಿಯಿತು. ಹಾಗೆಂದು ಚಿತ್ರ ನೋಡಿ ಫಲ ಹೇಳುವ ಪದ್ಧತಿ ಇಲ್ಲಿರಲಿಲ್ಲವೇ? ಖಂಡಿತ ಇತ್ತು, ಅದೂ ಯುರೋಪಿನ ಟ್ಯಾರೋ ಭವಿಷ್ಯಕ್ಕಿಂತ ಒಂದೂವರೆ ಶತಮಾನ ಮೊದಲೇ. ಶಹಾಬಾದ, ಸೇಡಂ, ಚಿಂಚೋಳಿಯ ಈ ಸೀಮೆಗೆ ಪಶ್ಚಿಮದಲ್ಲಿ ವಿಜಯಪುರ, ಪೂರ್ವದಲ್ಲಿ ಗೋಲ್ಕೊಂಡ. ಎರಡೂ ದರ್ಬಾರುಗಳಲ್ಲಿ ಇದಕ್ಕೆ ಸಾಕ್ಷಿಗಳಿವೆ.

ವಿಜಯಪುರದಲ್ಲಿ ಒಂದನೇ ಅಲಿ ಆದಿಲ್ ಷಾಹನ ಕಾಲದಲ್ಲಿ, 1570ರಲ್ಲಿ ಸಿದ್ಧವಾದ ‘ನುಜೂಮ್-ಉಲ್-ಉಲೂಮ್’ ಎಂಬ ಹಸ್ತಪ್ರತಿ ಗ್ರಹ-ನಕ್ಷತ್ರ, ಶಕುನ, ಯಂತ್ರಗಳ ವಿಶ್ವಕೋಶದಂತಿದೆ. ನೂರಾರು ವರ್ಣಚಿತ್ರಗಳ ಈ ಪ್ರತಿ ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇನ್ನು ಗೋಲ್ಕೊಂಡದಲ್ಲಿ 1610ರಿಂದ 1630ರ ನಡುವೆ ರಚನೆಯಾದ ‘ಫಾಲ್‌ನಾಮಾ’ ಲಂಡನ್ನಿನ ಖಲೀಲಿ ಸಂಗ್ರಹದಲ್ಲಿದೆ. ಫಾಲ್ ಎಂದರೆ ಶಕುನ. ಪ್ರಶ್ನೆಯನ್ನು ಮನಸ್ಸಿನಲ್ಲಿ ನೆನೆದು, ಪ್ರಾರ್ಥಿಸಿ, ಪುಸ್ತಕವನ್ನು ಅಡ್ಡಾದಿಡ್ಡಿಯಾಗಿ ತೆರೆಯುವುದು. ಒಂದು ಪುಟದಲ್ಲಿ ದೊಡ್ಡ ಚಿತ್ರ, ಎದುರು ಪುಟದಲ್ಲಿ ಫಲ. ಇಂದಿನ ಟ್ಯಾರೋ ಸಮಾಲೋಚನೆಯ ಕ್ರಮಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಜನಪದರಲ್ಲಿ ಕೊರವಂಜಿಯ ಕಣಿ, ಬುಡಬುಡಕಿಯ ಮಾತು, ಕವಡೆ ಶಾಸ್ತ್ರ, ಜಾತ್ರೆಗಳ ಗಿಳಿಶಾಸ್ತ್ರ ಎಲ್ಲರಿಗೂ ತಿಳಿದವೇ. ಇವುಗಳಲ್ಲಿ ಸಾಲಾಗಿಟ್ಟ ಎಲೆಗಳಿಂದ ಒಂದನ್ನು ಗಿಳಿ ಎತ್ತಿಕೊಡುವ ಪದ್ಧತಿ ಟ್ಯಾರೋಗೆ ತೀರ ಹತ್ತಿರದ್ದು. ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದನ್ನು ಮಾತ್ರ ಮರೆಯಬಾರದು. ಒಟ್ಟಿನಲ್ಲಿ ಚಿತ್ರವೊಂದನ್ನು ಆಕಸ್ಮಿಕವಾಗಿ ಎತ್ತಿ ತನ್ನ ಬದುಕಿಗೆ ಹೋಲಿಸಿಕೊಳ್ಳುವ ಬಯಕೆ ಈಜಿಪ್ಟಿನದೂ ಅಲ್ಲ, ಇಟಲಿಯದೂ ಅಲ್ಲ. ಎಲ್ಲ ಕಡೆಯ ಮನುಷ್ಯರದು.

ಕಟ್ಟು ಆರಿಸುವುದು ಹೇಗೆ?

ಆಸಕ್ತಿಯಿಂದ ಟ್ಯಾರೋ ಕಟ್ಟು ಕೊಳ್ಳಬಯಸುವವರು ಮೊದಲು ಅರಿಯಬೇಕಾದುದು ಮೂರು ಪರಂಪರೆಗಳನ್ನು.

ಒಂದು, ಮಾರ್ಸೆಯ್ ಪರಂಪರೆ. 17-18ನೇ ಶತಮಾನದ ಫ್ರಾನ್ಸಿನ ಮರದಚ್ಚಿನ ಎಲೆಗಳು ಇದಕ್ಕೆ ಮಾದರಿ. 22 ಎಲೆಗಳಲ್ಲೂ ದರ್ಬಾರಿನ ಎಲೆಗಳಲ್ಲೂ ಚಿತ್ರಗಳಿರುತ್ತವೆ. ಉಳಿದ 40 ಎಲೆಗಳಲ್ಲಿ ಬಟ್ಟಲು, ಕತ್ತಿ ಮುಂತಾದ ಗುರುತುಗಳಷ್ಟೇ ಇರುತ್ತವೆ. ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಉತ್ತಮ, ಹೊಸಬರಿಗೆ ಕಠಿಣ.

ಎರಡು, ರೈಡರ್-ವೇಟ್-ಸ್ಮಿತ್ ಪರಂಪರೆ. ಇದರಲ್ಲಿ 78 ಎಲೆಗಳಲ್ಲೂ ಪೂರ್ಣ ದೃಶ್ಯಗಳಿವೆ. ಕತ್ತಿಯ ಮೂರು ಎಂದರೆ ಮೂರು ಕತ್ತಿಗಳು ನಾಟಿದ ಹೃದಯ. ನಾಣ್ಯದ ಐದು ಎಂದರೆ ಹಿಮದಲ್ಲಿ ನಡೆಯುವ ಇಬ್ಬರು ಬಡವರು. ಅರ್ಥ ಬಾಯಿಪಾಠ ಮಾಡದೆಯೂ ಚಿತ್ರ ನೋಡಿ ಮಾತನಾಡಬಹುದು. ಹೆಚ್ಚಿನ ಪುಸ್ತಕಗಳೂ ತರಗತಿಗಳೂ ಇದನ್ನೇ ಆಧರಿಸಿರುವುದರಿಂದ ಕಲಿಯುವವರಿಗೆ ಅನುಕೂಲ.

ಮೂರು, ಥೋತ್ ಪರಂಪರೆ. ಅಲೀಸ್ಟರ್ ಕ್ರೌಲಿಯ ಯೋಜನೆಯಂತೆ ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಬರೆದ ಚಿತ್ರಗಳಿವು. ಜ್ಯೋತಿಷ, ಹೀಬ್ರೂ ಅಕ್ಷರಗಳ ಸಂಕೇತ ದಟ್ಟವಾಗಿದ್ದು, ಅಭ್ಯಾಸವಿಲ್ಲದವರಿಗೆ ಗೋಜಲೆನಿಸಬಹುದು.

ಇವುಗಳ ಹೊರತಾಗಿ ‘ಒರಾಕಲ್’ ಹೆಸರಿನ ಎಲೆಗಳೂ ಮಾರಾಟಕ್ಕಿವೆ. ಇವುಗಳಿಗೆ ನಿಗದಿತ ಸಂಖ್ಯೆಯಾಗಲಿ ರಂಗಾಗಲಿ ಇಲ್ಲ. ಅವು ಟ್ಯಾರೋ ಅಲ್ಲ ಎಂಬುದು ಕೊಳ್ಳುವಾಗ ತಿಳಿದಿರಲಿ. ಮುಂದಿನ ಅಂಶಗಳನ್ನೂ ಪರಿಶೀಲಿಸುವುದು ಒಳ್ಳೆಯದು.

* ಎಲೆಗಳ ಸಂಖ್ಯೆ 78 ಇದೆಯೇ? 22 ಚಿತ್ರದ ಎಲೆಗಳು ಹಾಗೂ 56 ರಂಗಿನ ಎಲೆಗಳು ಸರಿಯಾಗಿವೆಯೇ?

* ನ್ಯಾಯ ಮತ್ತು ಬಲದ ಸಂಖ್ಯೆ ನೋಡಿ. ಮಾರ್ಸೆಯ್‌ನಲ್ಲಿ ನ್ಯಾಯ 8, ಬಲ 11. ರೈಡರ್-ವೇಟ್-ಸ್ಮಿತ್‌ನಲ್ಲಿ ಇದು ಅದಲುಬದಲಾಗಿದೆ. ಒಂದು ಪರಂಪರೆಯ ಪುಸ್ತಕ ಹಿಡಿದು ಇನ್ನೊಂದರ ಕಟ್ಟು ಕಲಿಯಲು ಹೊರಟರೆ ಗೊಂದಲ ಖಚಿತ.

* ಅಳತೆ ಗಮನಿಸಿ. ಟ್ಯಾರೋ ಎಲೆ ಸಾಮಾನ್ಯವಾಗಿ 70 ಮಿ.ಮೀ. ಅಗಲ, 120 ಮಿ.ಮೀ. ಉದ್ದ, ಇಸ್ಪೀಟ್ ಎಲೆಗಿಂತ ದೊಡ್ಡದು. ಸಣ್ಣ ಕೈಯವರಿಗೆ ಕಲಸುವುದು ಕಷ್ಟ. ಕಿರಿಯ ಅಳತೆಯ ಕಟ್ಟುಗಳೂ ಸಿಗುತ್ತವೆ.

* ಕಾಗದ ಬಾಗಿದರೆ ಮಡಿಕೆ ಬೀಳಬಾರದು. ತೀರ ನುಣುಪಾದ ಎಲೆ ಜಾರುತ್ತದೆ, ತೀರ ತೆಳುವಾದದ್ದು ಬೇಗ ಅಂಚು ಬಿಡುತ್ತದೆ.

* ಚಿತ್ರಗಳನ್ನು ಮೊದಲೇ ನೋಡಿ. ಕೆಲವೇ ಎಲೆಗಳ ಚಿತ್ರ ತೋರಿಸಿ ಮಾರುವ ಕಟ್ಟಿಗಿಂತ, ಎಲ್ಲ ಎಲೆಗಳನ್ನೂ ನೋಡಲು ಸಿಗುವ ಕಟ್ಟು ಲೇಸು. ಯಾವ ಚಿತ್ರ ನಿಮ್ಮಲ್ಲಿ ಮಾತು ಹುಟ್ಟಿಸುತ್ತದೆಯೋ ಅದೇ ನಿಮಗೆ ತಕ್ಕದ್ದು.

* ನಕಲಿನ ಬಗ್ಗೆ ಎಚ್ಚರವಿರಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದರು ತೀರಿದ 60 ವರ್ಷಗಳ ನಂತರ ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ. ಹೀಗಾಗಿ ಸ್ಮಿತ್ ಬರೆದ 1909ರ ಚಿತ್ರಗಳನ್ನು ಯಾರು ಬೇಕಾದರೂ ಮುದ್ರಿಸಬಹುದು. ಅಗ್ಗದ ಪ್ರತಿ ಕೊಂಡರೆ ತಪ್ಪಿಲ್ಲ. ಆದರೆ ಇಂದಿನ ಕಲಾವಿದರ ಹೊಸ ಕಟ್ಟುಗಳ ಅಗ್ಗದ ನಕಲು ಕೊಂಡರೆ, ಸ್ಮಿತ್ ಅವರಿಗೆ ಆದ ಅನ್ಯಾಯವನ್ನೇ ಇನ್ನೊಬ್ಬರಿಗೆ ಮಾಡಿದಂತೆ.

ಆಧಾರವಿಲ್ಲದ ನಂಬಿಕೆಗಳು

‘ಮೊದಲ ಕಟ್ಟು ಉಡುಗೊರೆಯಾಗಿಯೇ ಬರಬೇಕು’, ‘ಬೇರೆಯವರು ಮುಟ್ಟಿದರೆ ಶಕ್ತಿ ಹೋಗುತ್ತದೆ’, ‘ರೇಷ್ಮೆ ಬಟ್ಟೆಯಲ್ಲೇ ಸುತ್ತಿಡಬೇಕು’ ಎಂಬಿತ್ಯಾದಿ ನಿಯಮಗಳಿಗೆ ಇತಿಹಾಸದಲ್ಲಿ ಆಧಾರವಿಲ್ಲ. ಮೂರ್ನಾಲ್ಕು ಜನ ಕುಳಿತು ಕೈಯಿಂದ ಕೈಗೆ ಹಂಚಿ ಆಡಿದ ಎಲೆಗಳಿವು. ಬಟ್ಟೆಯಲ್ಲಿ ಸುತ್ತಿಟ್ಟರೆ ಧೂಳು ತಾಗುವುದಿಲ್ಲ, ಅಷ್ಟೇ.

ಮೃತ್ಯುವಿನ ಎಲೆ ಬಂದರೆ ಸಾವು ಖಚಿತವೆಂಬ ಭಯವೂ ಹಾಗೆಯೇ. ಟ್ಯಾರೋ ಕೈಪಿಡಿಗಳೇ ಅದನ್ನು ಒಂದು ಹಂತದ ಮುಕ್ತಾಯ, ಬದಲಾವಣೆ ಎಂದು ವಿವರಿಸುತ್ತವೆ. ಜಿಪ್ಸಿಗಳು ಭಾರತದಿಂದ ಟ್ಯಾರೋ ಹೊತ್ತೊಯ್ದರೆಂಬ ಮಾತೂ ಪ್ರಚಾರದಲ್ಲಿದೆ. ಆ ಸಮುದಾಯದ ಭಾಷೆಗೆ ಭಾರತದ ಮೂಲವಿರುವುದು ನಿಜ. ಆದರೆ ಟ್ಯಾರೋ ಇಟಲಿಯ ಅರಮನೆಗಳಲ್ಲಿ ಹುಟ್ಟಿದ್ದಕ್ಕೆ ದಾಖಲೆಗಳಿವೆ, ಜಿಪ್ಸಿಗಳು ತಂದದ್ದಕ್ಕೆ ಇಲ್ಲ.

ಎಲೆ ಹೇಳುವುದೆಷ್ಟು, ನಾವು ಕೇಳಿಸಿಕೊಳ್ಳುವುದೆಷ್ಟು?

‘ನನ್ನ ಬಗ್ಗೆ ಎಲ್ಲವನ್ನೂ ಸರಿಯಾಗಿ ಹೇಳಿದರು’ ಎಂಬ ಅನುಭವಕ್ಕೆ ಮನೋವಿಜ್ಞಾನದಲ್ಲಿ ವಿವರಣೆ ಇದೆ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ಪ್ರತಿಯೊಬ್ಬರಿಗೂ ‘ನಿನಗಾಗಿಯೇ ಬರೆದದ್ದು’ ಎಂದು ವರದಿ ಕೊಟ್ಟನು. ವಿದ್ಯಾರ್ಥಿಗಳು ಅದರ ನಿಖರತೆಗೆ 5ಕ್ಕೆ ಸರಾಸರಿ 4.26 ಅಂಕ ನೀಡಿದರು. ವಾಸ್ತವದಲ್ಲಿ ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ; ಅದರ ಸಾಲುಗಳನ್ನು ಆತ ಆಯ್ದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ ಪುಸ್ತಕದಿಂದ. ಸಾಮಾನ್ಯ ಮಾತಿಗೆ ವಿಶೇಷ ಅರ್ಥ ತುಂಬುವವರು ಕೇಳುಗರೇ ಎಂಬುದು ಇದರ ಸಾರ.

ಹಾಗಾದರೆ ಟ್ಯಾರೋ ನಿರುಪಯುಕ್ತವೇ? ಹಾಗೆನ್ನಬೇಕಾಗಿಲ್ಲ. ಮನಸ್ಸಿನ ಗೊಂದಲವನ್ನು ಚಿತ್ರವೊಂದರ ನೆಪದಲ್ಲಿ ಆಡಿ ಹಗುರಾಗುವವರಿದ್ದಾರೆ. ‘ಮುಂದೇನಾಗುತ್ತದೆ’ ಎನ್ನುವುದರ ಬದಲು ‘ನಾನೇನು ಮಾಡಬಹುದು’ ಎಂದು ಕೇಳಿಕೊಳ್ಳಲು ಬಳಸುವವರಿದ್ದಾರೆ. ತೊಂದರೆ ಶುರುವಾಗುವುದು ಚಿಕಿತ್ಸೆ, ಸಾಲ, ಮದುವೆ, ಜಮೀನು ಮಾರಾಟದಂಥ ನಿರ್ಧಾರಗಳನ್ನು ಎಲೆಗೆ ಒಪ್ಪಿಸಿದಾಗ. ‘ದೋಷವಿದೆ, ಪರಿಹಾರಕ್ಕೆ ಇಷ್ಟು ಹಣ ಕಳುಹಿಸಿ’ ಎಂಬ ಮಾತು ಬಂದಾಗ.

ಕರ್ನಾಟಕದಲ್ಲಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆ ಕಾಯ್ದೆಯು ಜ್ಯೋತಿಷಿಗಳ ಸಲಹೆ, ವಾಸ್ತು ಸಲಹೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿದೆ. ಆದ್ದರಿಂದ ಮೊದಲ ಎಚ್ಚರ ಕೇಳುಗರದೇ ಆಗಿರಬೇಕು. ಸಮಾಲೋಚನೆಗೆ ಮುನ್ನ ಶುಲ್ಕವೆಷ್ಟು, ಎಷ್ಟು ಸಮಯ ಎಂಬುದನ್ನು ಕೇಳಿ ತಿಳಿಯಬೇಕು. ಹೆದರಿಸಿ ಮತ್ತೆ ಮತ್ತೆ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಆನ್‌ಲೈನ್ ಪಾವತಿಯಲ್ಲಿ ಮೋಸ ಹೋದವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಬೇಸರ, ಆತಂಕ, ನಿದ್ರೆಯಿಲ್ಲದ ರಾತ್ರಿಗಳಿಂದ ಬಳಲುವವರಿಗೆ ಎಲೆಗಿಂತ ಆಪ್ತಸಮಾಲೋಚಕರು ಮುಖ್ಯ. ಇದಕ್ಕಾಗಿ ಸರ್ಕಾರದ ಉಚಿತ ಸಹಾಯವಾಣಿ ‘ಟೆಲಿ ಮಾನಸ್’ 14416 ಕನ್ನಡದಲ್ಲೂ ಲಭ್ಯವಿದೆ.

ಸಂಜೆಯ ಹೊತ್ತಿಗೆ ನಾಲ್ಕು ಜನ ಕೂಡಿ ಆಡಲೆಂದು ಯಾರೋ ಚಿತ್ರ ಬರೆದರು. ಅದಕ್ಕೆ ಅರ್ಥ ತುಂಬಿದವರು ಮುಂದಿನ ತಲೆಮಾರಿನವರು. ಟ್ಯಾರೋ ಕೊಳ್ಳುವವರು ಈ ಸಂಗತಿಯನ್ನು ನೆನಪಿನಲ್ಲಿಟ್ಟರೆ ಚಿತ್ರದ ಸೊಗಸು ಉಳಿಯುತ್ತದೆ, ಭಯ ಉಳಿಯುವುದಿಲ್ಲ. ಹಾಗೆಯೇ ಮೈಸೂರಿಗೆ ಹೋದಾಗ ದುಂಡನೆಯ ಗಂಜೀಫಾ ಎಲೆ ಕಣ್ಣಿಗೆ ಬಿದ್ದರೆ ಅದರ ಬೆಲೆಯನ್ನಷ್ಟೇ ಕೇಳದೆ, ಅದನ್ನು ಆಡುವುದು ಹೇಗೆಂದೂ ಕೇಳಬೇಕು. ಕೇಳುವವರಿದ್ದರೆ ಮಾತ್ರ ಹೇಳಿಕೊಡುವವರೂ ಉಳಿಯುತ್ತಾರೆ.